ಕಾಲೇಜು ಕೊಡದ ಪಟ್ಟಿ

ಕುಷ್ಟಗಿ, ಯಲಬುರ್ಗಾಗಳ ರಸ್ತೆಯಂಚಿನಲ್ಲಿ ನಸುಕಿನಲ್ಲಿಯೇ ಎದ್ದು ಓಟದ ಅಭ್ಯಾಸ ಮಾಡುವ ತರುಣರ ಮನೆಗಳಲ್ಲಿ, ಕಾಲೇಜಿನವರು ವಿದ್ಯಾರ್ಥಿಗಳ ಹೆಸರು, ವಿಳಾಸ, ಅಂಕ, ದೂರವಾಣಿ ಸಂಖ್ಯೆಗಳನ್ನೆಲ್ಲ ಸೇನೆಗೆ ಒಪ್ಪಿಸುವರೆಂದೂ, ಆ ಪಟ್ಟಿಯಿಂದಲೇ ಆಯ್ಕೆಯ ಕರೆ ಬರುವುದೆಂದೂ ಹೇಳುವ ಮಾತು ಎಷ್ಟು ಸಲ ಅಲ್ಲಗಳೆದರೂ ಮತ್ತೆ ತಲೆಯೆತ್ತುತ್ತದೆ.

ಅಂಥ ವಿಧಿಯಿರುವುದು ಅಮೆರಿಕದಲ್ಲಿ. ಅಲ್ಲಿಯ ಕೇಂದ್ರ ಸರ್ಕಾರದ ಧನಸಹಾಯ ಪಡೆಯುವ ಕಾಲೇಜು, 1996ರ ಸಾಲಮನ್ ತಿದ್ದುಪಡಿಯಂತೆ, ಸೇನಾ ನೇಮಕಾತಿಯವರು ಕೇಳಿದಾಗ ವಿದ್ಯಾರ್ಥಿಗಳ ಹೆಸರು, ವಿಳಾಸ ಮೊದಲಾದ ವಿವರಗಳನ್ನು ಕೊಡದಿದ್ದರೆ ಆ ಸಹಾಯಕ್ಕೇ ಎರವಾಗಬೇಕಾದೀತು. ನಮ್ಮಲ್ಲಿ ಅಂಥ ಕಾಯಿದೆಯಿಲ್ಲ. ಇಲ್ಲಿ ಅಭ್ಯರ್ಥಿಯು ತಾನಾಗಿ ಸೇನೆಯ ಜಾಲತಾಣದಲ್ಲಿ ಹೆಸರು ನೋಂದಾಯಿಸಬೇಕು. 2023ರಿಂದ ಮೊದಲು ಲಿಖಿತ ಪರೀಕ್ಷೆ, ಅದರಲ್ಲಿ ಗೆದ್ದವರಿಗೆ ಮಾತ್ರ ಓಟ ಮೊದಲಾದ ದೈಹಿಕ ಪರೀಕ್ಷೆಯ ರ್‍ಯಾಲಿ. ಬಾಗಿಲು ತಟ್ಟುವವನು ವಿದ್ಯಾರ್ಥಿಯೇ ಹೊರತು ಸೇನೆಯಲ್ಲ.

ಈ ಭ್ರಮೆ ನಿರುಪದ್ರವಿಯಾಗಿದ್ದರೆ ನಾನು ಇಷ್ಟು ಬೇಸರಪಡುತ್ತಿರಲಿಲ್ಲ. ಹುಡುಗನ ಹೆಸರು, ತಂದೆಯ ಹೆಸರು, ಊರು, ಅಂಕಗಳನ್ನು ತಪ್ಪಿಲ್ಲದೆ ಹೇಳುವ ದಲ್ಲಾಳಿಯ ಫೋನು ಬಂದಾಗ, ‘ಕಾಲೇಜೇ ಕೊಟ್ಟಿರಬೇಕು, ಇವನು ಸೇನೆಯವನೇ ಸರಿ’ ಎಂದು ನಂಬಿ, ಭತ್ತ ಮಾರಿದ ಹಣವನ್ನು ಅವನ ಕೈಗಿಡಲು ಗಂಗಾವತಿಯ ರೈತನನ್ನು ಸಿದ್ಧಗೊಳಿಸುವುದು ಈ ಭ್ರಮೆಯೇ. ಅರ್ಜಿ ತುಂಬಿಸುವ ಅಂಗಡಿಯಲ್ಲಿ ಮರೆತುಬಂದ ಮಾರ್ಕ್ಸ್ ಕಾರ್ಡು, ಝೆರಾಕ್ಸ್ ಯಂತ್ರದ ಬದಿಯಲ್ಲಿ ಉಳಿದ ಆಧಾರ್ ಪ್ರತಿ, ಪರರಿಗೆ ಓದಿಹೇಳಿದ ಒಟಿಪಿ, ಇವು ಆ ವಿವರಗಳು ಸೋರುವ ದಾರಿಗಳೆಂಬುದನ್ನು ಯಾರೂ ಯೋಚಿಸರು.

ಇಂಥ ವಿವರಗಳನ್ನು ಕಾಪಾಡಿಕೊಳ್ಳುವುದು ನಮ್ಮ ಹಕ್ಕೂ ಹೌದು. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರು 2017ರ ಆಗಸ್ಟ್ 24ರಂದು ಸಾರಿದ್ದು, ನಮ್ಮ ರಾಜ್ಯದ ಉಚ್ಚ ನ್ಯಾಯಾಲಯದಿಂದ ನಿವೃತ್ತರಾಗಿದ್ದ ವೃದ್ಧ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. 2023ರ ದತ್ತಾಂಶ ಸಂರಕ್ಷಣಾ ಕಾಯಿದೆಯು ಹದಿನೆಂಟು ತುಂಬದವರ ಮಾಹಿತಿಯ ಬಳಕೆಗೆ ಹೆತ್ತವರ ಸಮ್ಮತಿಯನ್ನು ವಿಧಿಸುತ್ತದೆ. ಅಗ್ನಿವೀರರಾಗಿ ಸೇನೆ ಸೇರುವವರ ವಯೋಮಿತಿ ಹದಿನೇಳೂವರೆಗೇ ಆರಂಭವಾಗುವುದರಿಂದ ಇದು ಪಿಯುಸಿ ಮಕ್ಕಳಿಗೆ ಸಣ್ಣ ವಿಷಯವಲ್ಲ. ದೇಶಭದ್ರತೆಯ ನೆಪದಲ್ಲಿ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅವಕಾಶವೂ ಅದೇ ಕಾಯಿದೆಯಲ್ಲಿದೆ ಎಂಬುದನ್ನೂ ಅರಿತಿರಬೇಕು.

ಸೇನೆಯ ಬಗ್ಗೆ ಹಬ್ಬಿರುವ ಇತರ ಮಾತುಗಳೂ ಇಂಥವೇ. ಎನ್‌ಸಿಸಿ ಸೇರಿದವನು ಯುದ್ಧಕ್ಕೆ ಹೋಗಲೇಬೇಕೆಂಬುದು ಸುಳ್ಳು. ಕಡ್ಡಾಯ ಸೈನ್ಯಸೇವೆ ನಮ್ಮಲ್ಲಿಲ್ಲ. ಹಣದಿಂದ ಆಯ್ಕೆ ದೊರೆಯದು.

ಹಲ್ಲು ಹಿಡಿದು ನೋಡದೆ ಎತ್ತು ಕೊಳ್ಳದ ನಮ್ಮ ಒಕ್ಕಲುಮಕ್ಕಳು, ಮುಖ ಕಾಣದ ದನಿಯೊಂದನ್ನು ಮಾತ್ರ ಪರೀಕ್ಷಿಸದೆ ನಂಬುವುದನ್ನು ಕಂಡು ಮನಸ್ಸು ನೋಯುತ್ತದೆ. ಎತ್ತಿಗೆ ತೋರುವ ಎಚ್ಚರ ಮಗನ ಭವಿಷ್ಯಕ್ಕೂ ಸಲ್ಲಬೇಡವೇ?