ಹಡಗಿನ ಮೇಲಣ ವಿವಾಹವು ಸಿಂಧುವೆ?

ಪ್ರಶ್ನೆ: ವಿಹಾರನೌಕೆಯಲ್ಲಿ ಕಪ್ತಾನರ ಸಮ್ಮುಖದಲ್ಲಿ ಮದುವೆಯಾದರೆ ನಮ್ಮ ಕಾನೂನು ಅದನ್ನು ಒಪ್ಪುವುದೆ?
— ಓದುಗರೊಬ್ಬರು, ಹುಮನಾಬಾದ

ಉತ್ತರ: ಭಾರತದ ವಿವಾಹ ಕಾನೂನುಗಳು ಕಪ್ತಾನರಿಗೆ ಮದುವೆ ಮಾಡಿಸುವ ಅಧಿಕಾರವನ್ನು ಕೊಟ್ಟಿಲ್ಲ. ಆದರೆ 1955ರ ಹಿಂದೂ ವಿವಾಹ ಅಧಿನಿಯಮವು, ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ತನ್ನ ವ್ಯಾಪ್ತಿಗೆ ತೆಗೆದುಕೊಂಡಿರುವುದಲ್ಲದೆ, ವಧೂವರರಲ್ಲಿ ಒಬ್ಬರ ಆಚಾರದಂತೆ ವಿಧಿಗಳು ನೆರವೇರಬೇಕೆನ್ನುವುದೇ ಹೊರತು ಅವು ಇಂಥ ಸ್ಥಳದಲ್ಲಿಯೇ ನಡೆಯತಕ್ಕದ್ದೆಂದು ಕಟ್ಟುಪಾಡು ಮಾಡದಿರುವುದರಿಂದ, ಅಯ್ಯನವರನ್ನು ಕರೆದೊಯ್ದು, ಬಂಧುಗಳ ಸಮಕ್ಷಮದಲ್ಲಿ ಶಾಸ್ತ್ರೋಕ್ತವಾಗಿ ತಾಳಿ ಕಟ್ಟಿದ ಮದುವೆಯು ಸಮುದ್ರದ ಮೇಲೆ ಜರುಗಿದರೂ ಮದುವೆಯೇ. ಶರಣರಾದ ಹರಳಯ್ಯ, ಮಧುವರಸರ ಮಕ್ಕಳ ಅಂತರ್ಜಾತಿ ವಿವಾಹದ ನಿಮಿತ್ತ ನೆತ್ತರು ಹರಿಯಿತೆಂದು ಪರಂಪರೆಯು ನೆನೆಯುವ ಬಸವಕಲ್ಯಾಣದ ನೆರೆಯವರಾದ ತಮಗೆ, ಜಾತಿಭೇದವೂ ಈ ಅಧಿನಿಯಮದಲ್ಲಿ ಅಡ್ಡಿಯಲ್ಲವೆಂಬುದನ್ನು ಸಂತೋಷದಿಂದ ತಿಳಿಸುತ್ತೇನೆ.

1954ರ ವಿಶೇಷ ವಿವಾಹ ಅಧಿನಿಯಮದ ದಾರಿ ಬೇರೆ: 30 ದಿನಗಳ ನೋಟೀಸು, ವಿವಾಹಾಧಿಕಾರಿ, ಮೂವರು ಸಾಕ್ಷಿಗಳು ಅಲ್ಲಿ ಅನಿವಾರ್ಯ. ಹೊರದೇಶಗಳಲ್ಲಿ ಹಡಗು ಯಾವ ನಾಡಿನ ಧ್ವಜವನ್ನು ಹಾರಿಸುವುದೋ ಆ ನಾಡಿನ ಕಾನೂನೇ ಮುಖ್ಯವಾದುದರಿಂದ, ಕುನಾರ್ಡ್ ಕಂಪನಿಯು ಕಪ್ತಾನರೇ ಮದುವೆ ಮಾಡಿಸಲು ಅನುವಾಗುವಂತೆ 2011ರಲ್ಲಿ ತನ್ನ ನೌಕೆಗಳ ನೋಂದಣಿಯನ್ನು ಬ್ರಿಟನ್ನಿನಿಂದ ಬರ್ಮುಡಾಕ್ಕೆ ವರ್ಗಾಯಿಸಿತು.

ಮರಳಿದ ಬಳಿಕ ಲಗ್ನಪತ್ರಿಕೆ, ಭಾವಚಿತ್ರ, ಸಾಕ್ಷಿಗಳೊಡನೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ವಿವಾಹವನ್ನು ಅವಶ್ಯವಾಗಿ ನೋಂದಾಯಿಸಿಕೊಳ್ಳಿರಿ. ವೀಸಾದ ವೇಳೆಗೆ ಕೇಳುವುದು ಆ ಪ್ರಮಾಣಪತ್ರವನ್ನೇ.