ಅಲೆಯ ಅಳತೆ

ನಮ್ಮ ಅಂಜನಾಪುರದ ನೆರೆಮನೆಯ ಹುಡುಗಿಯೊಬ್ಬಳು ಎಂಜಿನಿಯರಿಂಗ್ ಓದುತ್ತಿದ್ದಾಳೆ. ಒಂದು ಸಂಜೆ ಮೈಕ್ರೋವೇವ್ ಪಠ್ಯಪುಸ್ತಕವನ್ನು ನನ್ನ ಮುಂದಿಟ್ಟು, "ಮೇಷ್ಟ್ರೇ, ಹಿಂದಿನ ವರ್ಷ ಕಲಿತದ್ದೆಲ್ಲ ಇಲ್ಲಿ ಸುಳ್ಳಾಯಿತು. ಈ ವಿಷಯವನ್ನೇ ಬಿಟ್ಟುಬಿಡುತ್ತೇನೆ" ಎಂದಳು.

ಜೀವಮಾನವೆಲ್ಲ ಕಾವ್ಯಪಾಠ ಹೇಳಿದ ನಾನು ಆ ಪುಸ್ತಕದ ಮೊದಲ ಅಧ್ಯಾಯವನ್ನು ನಿಧಾನವಾಗಿ ಓದಿದೆ. ಗಣಿತ ನನಗೆ ದಕ್ಕಲಿಲ್ಲ. ಆದರೆ ತೊಡಕಿನ ಮೂಲ ಅಳತೆಯಲ್ಲಿದೆಯೆಂಬುದು ತಿಳಿಯಿತು.

ರೇಡಿಯೋ ಅಲೆಯೂ ಬೆಳಕಿನಂತೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಸಾಗುತ್ತದೆ. ಆ ವೇಗವನ್ನು ಕಂಪನಸಂಖ್ಯೆಯಿಂದ ಭಾಗಿಸಿದರೆ ಅಲೆಯ ಉದ್ದ ದೊರೆಯುತ್ತದೆ. ನಾವು ಎಷ್ಟೋ ವರ್ಷ ಕೇಳಿದ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಅಲೆಯ ಉದ್ದ ಸುಮಾರು 490 ಮೀಟರ್. ಅದರ ಮುಂದೆ ಒಂದು ಗೇಣು ತಂತಿ ಏನೂ ಅಲ್ಲ. ಅದರ ಎರಡು ತುದಿಗಳಲ್ಲೂ ವೋಲ್ಟೇಜು ಒಂದೇ ಎಂದು ತಿಳಿದರೆ ತಪ್ಪಾಗದು. ಆದರೆ ಅಡುಗೆಮನೆಯ ಮೈಕ್ರೋವೇವ್ ಒಲೆಯ 2.45 ಗಿಗಾಹರ್ಟ್ಸ್ ಅಲೆ ಕೇವಲ 12 ಸೆಂಟಿಮೀಟರಿನದು. ಅಂಥ ಅಲೆಯ ಏರೂ ಇಳಿವೂ ಅದೇ ಗೇಣು ತಂತಿಯೊಳಗೆ ಒಟ್ಟಿಗೇ ಇರುತ್ತವೆ. ಆಗ ತಂತಿಯೆಂಬುದು ಅಲೆ ನಡೆಯುವ ದಾರಿ. ದಾರಿಯ ಕೊನೆ ಹೊಂದದಿದ್ದರೆ ಅಲೆ ಹಿಂದಿರುಗುತ್ತದೆ. ಕೆರೆಯ ಅಲೆ ಕಲ್ಲಿನ ಏರಿಗೆ ತಾಗಿ ಮರಳುತ್ತದೆ, ಇಳಿಜಾರಿನ ಮಣ್ಣುದಡದಲ್ಲಾದರೋ ಅಡಗುತ್ತದೆ. ಆದುದರಿಂದಲೇ ಇಂಥ ಪುಸ್ತಕಗಳು ತಂತಿಯಲ್ಲಿ ಅಲೆಯ ನಡೆ, ಪ್ರತಿಫಲನ, ಹೊಂದಾಣಿಕೆ ಇವುಗಳನ್ನು ಮೊದಲು ಹೇಳಿ, ಬಳಿಕ ಟೊಳ್ಳು ಲೋಹದ ಅಲೆನಾಳಕ್ಕೂ ಆಂಟೆನಾಕ್ಕೂ ಬರುತ್ತವೆ.

ಈ ಶಾಸ್ತ್ರಕ್ಕೆ ಪಠ್ಯ ಬರೆದವರು ನಮ್ಮ ಊರಿನಲ್ಲೇ ಇದ್ದರು. ರಾಜೇಶ್ವರಿ ಚಟರ್ಜಿ (1922-2010) ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು, 1953ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕಿಯಾದರು. ಪತಿ ಶಿಶಿರ ಕುಮಾರ ಚಟರ್ಜಿಯವರೊಡನೆ ಅಲ್ಲಿ ಮೈಕ್ರೋವೇವ್ ಸಂಶೋಧನೆ ನಡೆಸಿದರು. 'ಎಲಿಮೆಂಟ್ಸ್ ಆಫ್ ಮೈಕ್ರೋವೇವ್ ಎಂಜಿನಿಯರಿಂಗ್' ಎಂಬ ಗ್ರಂಥವನ್ನು ರಚಿಸಿದರು. ಹುಡುಗಿಗೆ ಈ ಹೆಸರು ಹೊಸದು.

"ಹಳೆಯ ಪಾಠ ಸುಳ್ಳಲ್ಲಮ್ಮ" ಎಂದೆ. "ಅಲೆಯ ಮುಂದೆ ತಂತಿ ಚಿಕ್ಕದಾಗಿರುವವರೆಗೆ ಅದು ನಿಜ. ಅದರ ಗಡಿ ಎಲ್ಲಿ ಮುಗಿಯುತ್ತದೆಯೋ ಅಲ್ಲಿ ಈ ಪುಸ್ತಕ ಆರಂಭ." ಪ್ರವೇಶಗ್ರಂಥ ಬರೆಯುವವರು ಈ ಒಂದು ಮಾತನ್ನು ಮೊದಲ ಪುಟದಲ್ಲೇ ಹೇಳಿದರೆ, ಎಷ್ಟೋ ಮಕ್ಕಳು ಹೊಸ್ತಿಲಿನಿಂದಲೇ ಹಿಂದಿರುಗಲಾರರು.

ಅವಳು ಪುಸ್ತಕವನ್ನು ತಿರುಗಿ ತೆಗೆದುಕೊಂಡು ಹೋದಳು. ವಿಷಯವನ್ನು ಬಿಡಲಿಲ್ಲ.