ಗಾಯ ಮಾಯಿಸುವ ಪೆಪ್ಟೈಡ್: ನಿಮ್ಮ ರಾಸಿಗೆ ಬೇಕೆ?



ಮುಳ್ಳುತಂತಿ ದಾಟುವಾಗ ಹಸುವಿನ ಮೊಲೆತೊಟ್ಟು ಸೀಳಿತು ಎನ್ನಿ. ಗಾಯ ಸರಿಯಾಗಿ ಮಾಯದಿದ್ದರೆ ಆ ತೊಟ್ಟಿನ ಹಾಲು ಹೋದಂತೆಯೇ. ಕೆಚ್ಚಲು ಬಾವೂ ಬೆನ್ನಿಗೇ ಬರಬಹುದು. ಅಂಥ ಹೊತ್ತಿನಲ್ಲಿ "ಪೆಪ್ಟೈಡ್ ಚುಚ್ಚಿಸಿ, ವಾರದಲ್ಲಿ ಕೂಡಿಕೊಳ್ಳುತ್ತದೆ" ಎಂದು ಯಾರಾದರೂ ಹೇಳಿದರೆ ಆಸೆ ಹುಟ್ಟುವುದು ಸಹಜ. ಅದೇನೆಂದು ಮೊದಲು ತಿಳಿದುಕೊಳ್ಳಿ.

ಹಾಲಿನಲ್ಲಿರುವ ಪ್ರೋಟೀನು ಅಮೈನೋ ಆಮ್ಲಗಳೆಂಬ ಮಣಿಗಳ ಉದ್ದನೆಯ ಸರ. ಕೆಲವೇ ಮಣಿಗಳ ಗಿಡ್ಡ ಸರವೇ ಪೆಪ್ಟೈಡ್. ಗಾಯವಾದಾಗ ರಕ್ತ ಹೆಪ್ಪುಗಟ್ಟುತ್ತದೆ, ಬಿಳಿ ರಕ್ತಕಣಗಳು ಕೊಳೆ ತೆಗೆಯುತ್ತವೆ, ಕೆಂಪಗಿನ ಹೊಸ ಮಾಂಸ ತುಂಬುತ್ತದೆ, ಅಂಚಿನಿಂದ ಚರ್ಮ ಬೆಳೆದು ಮುಚ್ಚುತ್ತದೆ. ಈ ಕೆಲಸಗಳಿಗೆ ಅಪ್ಪಣೆ ಒಯ್ಯುವ ವಸ್ತುಗಳಲ್ಲಿ ಪೆಪ್ಟೈಡುಗಳೂ ಇವೆ.

ಇವನ್ನು ಪ್ರಯೋಗಶಾಲೆಯಲ್ಲಿಯೂ ಕಟ್ಟಬಹುದು. ಒಂಬತ್ತು ಮಣಿಗಳ ಆಕ್ಸಿಟೋಸಿನ್ನನ್ನು ಹಾಗೆ ತಯಾರಿಸಿದ ವಿನ್ಸೆಂಟ್ ಡು ವಿನ್ಯೋ ಅವರಿಗೆ 1955ರಲ್ಲಿ ನೊಬೆಲ್ ಬಂತು. ಹೌದು, ಹಾಲು ಇಳಿಸಲೆಂದು ಕೆಲವರು ಕದ್ದು ಚುಚ್ಚುವ ಅದೇ ಔಷಧಿ!

ಗಾಯದ ಮಟ್ಟಿಗೆ ಎರಡು ಹೆಸರು ಹೆಚ್ಚು ಕೇಳಿಬರುತ್ತವೆ. ಥೈಮೋಸಿನ್ ಬೀಟಾ-4 ಎಂಬುದು 43 ಮಣಿಗಳದ್ದು, ಮೊದಲು ದೊರೆತದ್ದು ಕರುವಿನ ಥೈಮಸ್ ಗ್ರಂಥಿಯಲ್ಲಿ. ಅದರ ಒಂದು ಭಾಗದ ಕೃತಕ ರೂಪ ಟಿಬಿ-500 ರೇಸ್ ಕುದುರೆಗಳಲ್ಲಿ ದುರ್ಬಳಕೆಯಾಗಿ ಕುಖ್ಯಾತವಾಯಿತು. ಇನ್ನೊಂದು 15 ಮಣಿಗಳ ಬಿಪಿಸಿ-157. ಇಲಿಗಳಲ್ಲಿ ಸ್ನಾಯುರಜ್ಜು, ಕರುಳಿನ ಗಾಯ ಬೇಗ ಕೂಡಿದ್ದು ನಿಜ. ಆದರೆ ಆ ಪ್ರಯೋಗಗಳಲ್ಲಿ ಬಹುಪಾಲು ಕ್ರೊಯೇಷಿಯಾದ ಜಾಗ್ರೆಬ್‌ನ ಒಂದೇ ತಂಡದವು. ಮನುಷ್ಯರ ಮೇಲಿನ ಪರೀಕ್ಷೆ ತೀರ ಕಡಿಮೆ. 2022ರಿಂದ ಕ್ರೀಡಾಪಟುಗಳಿಗೂ ಅದು ನಿಷಿದ್ಧ. ಇಲಿಗೆ ಒಪ್ಪಿದ್ದು ಹಸುವಿಗೂ ಒಪ್ಪುತ್ತದೆಂದು ಹೇಳಲು ಆಧಾರವಿಲ್ಲ.

ನಮಗೆ ಮುಖ್ಯವಾದ ಮಾತು ಬೇರೆ. ಇವೆರಡೂ ಹೈನುರಾಸಿಗೆ ಮಂಜೂರಾದ ಔಷಧಿಗಳಲ್ಲ. ಆದ್ದರಿಂದ ಚುಚ್ಚಿದ ಮೇಲೆ ಎಷ್ಟು ದಿನ ಹಾಲನ್ನು ಸಂಘಕ್ಕೆ ಹಾಕಬಾರದೆಂದು ಯಾರೂ ನಿಗದಿ ಮಾಡಿಲ್ಲ. ಆ ಹಾಲು ಕುಡಿಯುವವರಲ್ಲಿ ನಿಮ್ಮ ಮನೆಯ ಮಕ್ಕಳೂ ಇದ್ದಾರೆ.

ತೊಟ್ಟು ಸೀಳಿದರೆ ಅಂದೇ ಪಶುವೈದ್ಯರನ್ನು ಕರೆಸಿ. ಹೊಲಿಗೆ ಹಾಕುವುದಾದರೆ ಮೊದಲ ಕೆಲವು ಗಂಟೆಗಳೇ ಬೆಲೆಯುಳ್ಳವು. ಗಾಯದಿಂದ ಹಾಲು ಜಿನುಗುತ್ತಿದ್ದರಂತೂ ತಡ ಮಾಡಲೇಬೇಡಿ. ಬೂದಿ, ಸಗಣಿ, ಸುಣ್ಣ ಮೆತ್ತಬೇಡಿ. ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು ಬೆರೆಸಿ ತೊಳೆಯಿರಿ, ಶುಭ್ರ ಬಟ್ಟೆ ಮುಚ್ಚಿ ನೊಣ ಕೂರದಂತೆ ನೋಡಿಕೊಳ್ಳಿ. ಆ ಹಸುವನ್ನು ಕೊನೆಯಲ್ಲಿ ಕರೆಯಿರಿ. ವೈದ್ಯರು ಆಂಟಿಬಯೋಟಿಕ್ ಕೊಟ್ಟರೆ, ಅವರು ಹೇಳಿದಷ್ಟು ದಿನ ಆ ಹಾಲನ್ನು ಕ್ಯಾನಿಗೆ ಸುರಿಯದೆ ಬೇರೆಯೇ ಇಡಿ.